ಗಾರೆಯಿಲ್ಲದ ಗ್ಯಾರೇಜು

ಬುಧವಾರ, ಮಾರ್ಚ್ ಹನ್ನೆರಡು

ಪ್ರಿಯ ಮೇಸ್ತ್ರಿ,

ಈ ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು ಅರವತ್ತಮೂರು, ವೃತ್ತಿಯಿಂದ ಗಣಿತದ ಮೇಷ್ಟ್ರು, ಈಗ ನಿವೃತ್ತ, ಬುದ್ಧಿ ನೆಟ್ಟಗಿರುವಾಗಲೇ, ಯಾರ ಬಲವಂತವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ: ನೀನು ಊರಲ್ಲಿಲ್ಲದ ಸಮಯ ನೋಡಿಕೊಂಡು ನಾನೊಂದು ಗ್ಯಾರೇಜು ಮಾಡಿಬಿಟ್ಟಿದ್ದೇನೆ. ಕಟ್ಟಿಸಿದ್ದಲ್ಲ, ಕೊಂಡದ್ದು. ಅಂಗಡಿಯಲ್ಲಿ ಅಂಗಿ ಕೊಳ್ಳುವಂತೆ ಅಳತೆ ಹೇಳಿ ಬಂದೆ, ಲಾರಿಯ ಮೇಲೆ ಕೂತು ಅದೇ ಬಂತು. ಕೃತ್ಯಕ್ಕೆ ಬಳಸಿದ ಆಯುಧ ಹೊಲಿಗೆಯ ಟೇಪು. ಸಾಕ್ಷಿ ನನ್ನ ಹೆಂಡತಿ. ಅವಳು ಆಗಲೇ ನಿನ್ನ ಪಕ್ಷಕ್ಕೆ ಸೇರಿಯಾಗಿದೆ.

ತಪ್ಪೊಪ್ಪಿಗೆ ಆಯಿತು, ಇನ್ನು ಕುಶಲ. ನಾವಿಬ್ಬರೂ ಚೆನ್ನಾಗಿದ್ದೇವೆ, ಬೇರೆ ಬೇರೆಯಾಗಿ. ಒಟ್ಟಿಗಿದ್ದಾಗ ಗ್ಯಾರೇಜಿನ ಮಾತು ಬರುತ್ತದೆ. ನಿನ್ನ ಪತ್ರ ಬಂದು ಮೂರು ವಾರವಾಯಿತು. 'ಪಾಯಕ್ಕೆ ಗುರುತು ಹಾಕಿದೆಯಾ? ನಾನು ಬರುವವರೆಗೆ ಇಟ್ಟಿಗೆ ಇಳಿಸಬೇಡ, ಇಟ್ಟಿಗೆ ನಾನೇ ತಟ್ಟಿ ನೋಡಿ ಆರಿಸಬೇಕು' ಎಂದು ಬರೆದಿದ್ದೆ. ಉತ್ತರ ಬರೆಯಲು ಐದು ಸಲ ಕೂತೆ. ಐದು ಸಲವೂ 'ಪ್ರಿಯ ಮೇಸ್ತ್ರಿ' ಎಂಬಲ್ಲಿಗೆ ಪೆನ್ನು ಪಾಯ ತೋಡಿ ಹಾಗೇ ನಿಂತಿತು. ತಡಕ್ಕೆ ಕ್ಷಮೆ ಇರಲಿ. ಉಳಿದದ್ದಕ್ಕೆ ಕ್ಷಮೆ ಕೇಳುವುದೋ ಬೇಡವೋ, ಪತ್ರ ಮುಗಿಯುವುದರೊಳಗೆ ನನಗೇ ಗೊತ್ತಾದರೆ ಕೇಳುತ್ತೇನೆ.

ನನ್ನ ಅಕ್ಷರ ಓದಲು ನಿನಗೆ ಸೋಮಾರಿತನ, ಮಗಳ ಕೈಲೇ ಓದಿಸುತ್ತೀಯ ಎಂದು ಗೊತ್ತು. ಪಕ್ಕದಲ್ಲಿ ಕೂತ ಮೊಮ್ಮಗಳು 'ಯಾರಜ್ಜ ಇವರು?' ಎಂದರೆ ಹೀಗೆ ಹೇಳು: ಶಾಲೆಯಲ್ಲಿ ಒಂದೇ ಬೆಂಚು. ಅವನು ಮೇಷ್ಟ್ರಾದ, ನಾನು ಮೇಸ್ತ್ರಿಯಾದೆ. ಅವನು ಕರಿಹಲಗೆಯ ಮೇಲೆ ಎಳೆದ ಗೆರೆ ಬೆಲ್ ಹೊಡೆದೊಡನೆ ಅಳಿಸಿಹೋಗುತ್ತಿತ್ತು. ನಾನು ಎಳೆದ ಗೆರೆಯ ಮೇಲೆ ಜನ ಮೂವತ್ತು ವರ್ಷದಿಂದ ಸಂಸಾರ ಮಾಡುತ್ತಿದ್ದಾರೆ. ಅವನ ಅಡುಗೆಮನೆ, ಮೆಟ್ಟಿಲು, ನೀರಿನ ತೊಟ್ಟಿ, ಕಾಂಪೌಂಡು, ಎಲ್ಲಾ ನನ್ನದೇ ಕೈ.

ಈಗ ಘಟನೆಗೆ ಬರುತ್ತೇನೆ.

ನೀನು ಹೊರಟ ಮರುವಾರ ಒಬ್ಬ ಕಂಪನಿಯವನು ಬಂದ. ಕೈಯಲ್ಲಿ ಬಣ್ಣದ ಪುಸ್ತಕ, ಅದರ ತುಂಬ ಗ್ಯಾರೇಜುಗಳು, ಒಂದೊಂದರ ಮುಂದೂ ನಗುವ ಒಂದೊಂದು ಕುಟುಂಬ. 'ಇಟ್ಟಿಗೆ ಬೇಡ ಸಾರ್, ಮರಳು ಬೇಡ, ಕ್ಯೂರಿಂಗ್ ಬೇಡ. ಕ್ರೇನಲ್ಲಿ ಎತ್ತಿ ಇಟ್ಟರೆ ಮುಗೀತು. ಮಧ್ಯಾಹ್ನದ ಊಟದ ಹೊತ್ತಿಗೆ ನಿಮ್ಮ ಕಾರು ಒಳಗೆ' ಅಂದ. ಮೂವತ್ತೊಂದು ವರ್ಷ ಪಾಠ ಮಾಡಿದವನಿಗೆ ಇಷ್ಟು ಚಿಕ್ಕ ಪಾಠ ಯಾರೂ ಮಾಡಿರಲಿಲ್ಲ. 'ಯೋಚಿಸಿ ಹೇಳ್ತೀನಿ' ಎಂದೆ. ಹೇಳಿದ ಮೇಲೆ ಯೋಚಿಸಿದೆ.

ನಿನ್ನನ್ನು ಅಣ್ಣ ಎಂದೇ ಕರೆಯುವ ನನ್ನ ಹೆಂಡತಿ ಕೇಳಿದಳು, "ಏನ್ರೀ, ಅಣ್ಣ ಬಂದು ಕಟ್ಟಿಕೊಡ್ತೀನಿ ಅಂದಿದ್ರಲ್ಲ?"

"ಧೂಳು ಕಣೇ. ನಿನ್ನ ಹೊಲಿಗೆ ಬಟ್ಟೆ ಎಲ್ಲಾ ಹಾಳಾಗತ್ತೆ."

"ಅಡುಗೆಮನೆ ಕಟ್ಟೋವಾಗ ಇಲ್ಲದ ಧೂಳು ಈಗ ಎಲ್ಲಿಂದ ಬರತ್ತೆ?"

ಪಕ್ಕದ ಮನೆಯ ಹಲ್ಲಿನ ಡಾಕ್ಟರು ಬೇಲಿಯ ಮೇಲಿಂದ ಅದೇ ಕೇಳಿದರು. ಅವರಿಗೆ ಬೇರೆ ಕಾರಣ ಕೊಟ್ಟೆ. "ಇದನ್ನ ಬೇಕಾದಲ್ಲಿಗೆ ಎತ್ತಿಕೊಂಡು ಹೋಗಬಹುದು ಡಾಕ್ಟ್ರೇ. ಇಟ್ಟಿಗೆಯದಾದರೆ ಕಟ್ಟಿದಲ್ಲೇ ಕಟ್ಟು."

"ಎಲ್ಲಿಗೆ ಹೊರಟಿದ್ದೀರಿ?"

"ಎಲ್ಲಿಗೂ ಇಲ್ಲ."

"ಓಹೋ, ಹಾಗಿದ್ರೆ ಎತ್ತಿಕೊಂಡು ಹೋಗೋದು ಬಹಳ ಸುಲಭ."

ಕಾರಿಗೊಂದು ಮನೆ ಬೇಕೆಂಬುದಕ್ಕೆ ಕಾರಣ ಒಂದೇ ಇತ್ತು. ನಿನ್ನ ಕೈಲಿ ಬೇಡವೆಂಬುದಕ್ಕೆ ಕಾರಣಗಳು ಸಂಜೆ ಹೊತ್ತಿಗೆ ಏಳಾದವು. ಒಂದನ್ನೊಂದು ಪರಿಚಯವೇ ಇಲ್ಲದವರಂತೆ ನೋಡುತ್ತಿದ್ದವು. ಲೆಕ್ಕದಲ್ಲಿ ಒಂದು ಉತ್ತರಕ್ಕೆ ಏಳು ದಾರಿ ಇದ್ದರೆ ಸಂತೋಷಪಡುವ ಜಾತಿ ನನ್ನದು. ಅಂದು ಮಾತ್ರ ಒಂದೂ ದಾರಿ ಮನೆ ಮುಟ್ಟಲಿಲ್ಲ.

ಜಾಗ ನಾನೇ ಅಳೆಯಬೇಕಿತ್ತು. ಅವರ ಫಾರಂನಲ್ಲಿ 'ಅಳತೆಯ ಹೊಣೆ ಗ್ರಾಹಕರದ್ದು' ಎಂದು ಅಚ್ಚಾಗಿದೆ. ಓದಿ ನಕ್ಕು ಸಹಿ ಹಾಕಿದೆ. ಕ್ಷೇತ್ರಗಣಿತ ಕಲಿಸಿದವನಿಗೆ ಮನೆಗೋಡೆಗೂ ಕಾಂಪೌಂಡಿಗೂ ನಡುವಿನ ಜಾಗ ಅಳೆಯುವುದು ಒಂದು ಕೆಲಸವೇ? ನಿನ್ನ ಉಕ್ಕಿನ ಟೇಪು ನೀನೇ ಒಯ್ದಿದ್ದೆ. ಡಾಕ್ಟರ ಹತ್ತಿರ ಕೇಳಿದರೆ ಎಂಟನೆಯ ಕಾರಣ ಹುಟ್ಟಿಸಬೇಕು. ಹೆಂಡತಿಯ ಹೊಲಿಗೆ ಯಂತ್ರದ ಖಾನೆಯಿಂದ ಟೇಪು ತೆಗೆದೆ. ಒಂದು ತುದಿಯನ್ನು ಹೂಕುಂಡದ ಕೆಳಗಿಟ್ಟು ಅರವತ್ತು ಇಂಚು, ಮತ್ತೆ ಅರವತ್ತು, ಉಳಿದದ್ದು ಆರು. ಒಟ್ಟು ಹತ್ತೂವರೆ ಅಡಿ. ಹತ್ತಡಿ ಅಗಲದ ಗ್ಯಾರೇಜು ಹೇಳಿದೆ. ಅತ್ತ ಮೂರಿಂಚು, ಇತ್ತ ಮೂರಿಂಚು ಗಾಳಿ ಆಡಲಿ ಎಂಬ ಔದಾರ್ಯ ಬೇರೆ.

ಹೋದ ಶನಿವಾರ ಅದು ಬಂತು. ಬೂದು ಬಣ್ಣ, ಉಕ್ಕಿನ ತಗಡು, ಮುಂದೆ ಶಟರು, ಹಿಂದೆ ಸಣ್ಣ ಬಾಗಿಲು. ಕ್ರೇನು ಎತ್ತಿತು. ಬೀದಿ ಪೂರ್ತಿ ತಲೆ ಎತ್ತಿ ನಿಂತಿತು. ಗ್ಯಾರೇಜು ನಮ್ಮ ಚಾವಣಿಯ ಮಟ್ಟದಲ್ಲಿ ತೇಲುತ್ತಾ ಬಂದು, ಮನೆಗೂ ಕಾಂಪೌಂಡಿಗೂ ನಡುವೆ ಇಳಿದು, ಕಾಂಪೌಂಡಿನ ನೆತ್ತಿಗೆ ಒರಗಿ ನಿಂತಿತು.

"ಸಾರ್, ಆರಿಂಚು ಜಾಸ್ತಿ!" ಎಂದು ಕ್ರೇನಿನವನು ಕೂಗಿದ.

"ಜಾಗ ಜಾಸ್ತಿಯೋ ಗ್ಯಾರೇಜು ಜಾಸ್ತಿಯೋ?"

"ಗ್ಯಾರೇಜು ಸಾರ್! ಇಳಿಸ್ಲಾ, ಏರಿಸ್ಲಾ? ಬೇಗ ಹೇಳಿ, ನಂಗೆ ಇನ್ನೊಂದ್ ಕಡೆ ಲೋಡಿದೆ."

ಮೇಸ್ತ್ರಿ, ಜೀವನದಲ್ಲಿ ಎಷ್ಟೋ ಪ್ರಶ್ನೆ ಎದುರಿಸಿದ್ದೇನೆ. ಆದರೆ ಉತ್ತರ ಹೇಳುವವರೆಗೆ ಪ್ರಶ್ನೆಯೇ ತಲೆಯ ಮೇಲೆ ತೂಗಾಡುತ್ತಿರುವುದು ಇದೇ ಮೊದಲು. 'ಇಳಿಸಿ' ಎಂದೆ. 'ಎಲ್ಲಿ?' ಎಂದ. ಕೈ ಎತ್ತಲೋ ಬೀಸಿತು. ಬೀಸಿದ ಕಡೆ ಇಳಿಸಿ ಹೊರಟುಹೋದ.

ಹಾಗಾಗಿ ನಟ್ಟು ಬೋಲ್ಟು ಸಮೇತ ಗ್ಯಾರೇಜು ಈಗ ಅಂಗಳದ ನಟ್ಟನಡುವೆ, ಗೇಟಿನಿಂದ ಬರುವ ದಾರಿ ಮುಚ್ಚಿ, ನಮ್ಮ ಮುಂಬಾಗಿಲಿಗೆ ಸರಿಯಾಗಿ ನಿಂತಿದೆ. ಮನೆಗೆ ಬರುವವರು ಶಟರು ಎತ್ತಿ, ಒಳಗೆ ನಡೆದು, ಹಿಂದಿನ ಬಾಗಿಲು ದಾಟಿ ಬರಬೇಕು. ಅಂಚೆಯವನು ಶಟರಿಗೆ ಬಡಿಯುತ್ತಾನೆ. ಅದು ಗುಡುಗಿದಂತೆ ಕೇಳಿ ಹೆಂಡತಿ ಒಣಗಿಸಿದ ಬಟ್ಟೆ ತೆಗೆಯಲು ಓಡುತ್ತಾಳೆ. ಕಾರು ಎಂದಿನಂತೆ ಬೀದಿಯಲ್ಲೇ ಇದೆ. ಗ್ಯಾರೇಜಿನಲ್ಲಿ ಓಡಾಡುತ್ತಿರುವವರು ನಾವು.

ಅವಳು ಒಂದೇ ಪ್ರಶ್ನೆ ಕೇಳಿದಳು. "ರೀ, ಯಾವ ಟೇಪಲ್ಲಿ ಅಳೆದ್ರಿ?"

"ನಿನ್ನದರಲ್ಲೇ."

ಹಣೆ ಹಣೆ ಚಚ್ಚಿಕೊಂಡಳು. "ಅದರಲ್ಲಿ ಮೊದಲನೇ ನಾಲ್ಕಿಂಚು ಇಲ್ಲವೇ ಇಲ್ಲಾರೀ! ಹರಿದುಹೋಗಿತ್ತು, ಕತ್ತರಿಸಿ ತುದಿಯ ಪಟ್ಟಿ ವಾಪಸ್ ಹೊಲಿದಿಟ್ಟಿದ್ದೀನಿ. ನಾನು ನಾಲ್ಕು ಕಳೆದು ಲೆಕ್ಕ ಹಾಕ್ತೀನಿ. ಹದಿನೈದು ವರ್ಷದಿಂದ ಹಾಗೇ ಹೊಲೀತಿದ್ದೀನಿ, ನಿಮ್ಮ ಮೈ ಮೇಲಿರೋ ಅಂಗಿನೂ ಸೇರಿ!"

ಮೂರು ಸಲ ಟೇಪು ಹಾಕಿದ್ದೆ. ಮೂರು ನಾಲ್ಕಲಿ ಹನ್ನೆರಡು. ಇದ್ದದ್ದು ಒಂಬತ್ತೂವರೆ ಅಡಿ. ಅಳತೆ ಎಂಬ ಮಾತು ಅಳುವಿನಿಂದಲೇ ಏಕೆ ಶುರುವಾಗುತ್ತದೆ ಎಂದು ಆ ಕ್ಷಣ ತಿಳಿಯಿತು.

ಇದೇ ತಪ್ಪನ್ನು ನಿನ್ನ ಮುಂದೆ ಮಾಡಿದ್ದರೆ ಏನಾಗುತ್ತಿತ್ತು? ಏನೂ ಇಲ್ಲ. ನೀನು ನನ್ನ ಕಾಗದ ನೋಡಿ, 'ಹ್ಞೂಂ, ಚೆನ್ನಾಗಿ ಬರೆದಿದ್ದೀಯ' ಎಂದು ಮಡಚಿ ಜೇಬಿಗಿಟ್ಟು, ದಾರ ಕಟ್ಟಿ, ಜಾಗಕ್ಕೆ ತಕ್ಕ ಗೋಡೆ ಏಳಿಸುತ್ತಿದ್ದೆ. ಕಟ್ಟುವವನು ಜಾಗದ ಮಾತು ಕೇಳುತ್ತಾನೆ. ರೆಡಿಮೇಡು ಗ್ಯಾರೇಜಿಗೆ ಕಿವಿಯೇ ಇಲ್ಲ.

ಗುರುವಾರ

ನಿನ್ನೆ ಇಲ್ಲಿಗೆ ನಿಲ್ಲಿಸಿದ್ದೆ. ಕಂಪನಿಯವನು ಬಂದಿದ್ದ. ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ, ನನ್ನ ಸಹಿ ತೋರಿಸಿದ. ಆಮೇಲೆ ಸಮಾಧಾನವಾಗಿ ಕಾಂಪೌಂಡನ್ನು ತಟ್ಟುತ್ತಾ ಹೇಳಿದ, "ಆಚೆ ನಿಮ್ಮದೇ ಒಂದಡಿ ಜಾಗ ಇದೆಯಲ್ಲ ಸಾರ್. ಈ ಗೋಡೆ ಬೀಳಿಸಿ ಒಂದಡಿ ಆಚೆ ಕಟ್ಟಿಸಿಬಿಡೋಣ. ನಂಗೆ ಗೊತ್ತಿರೋ ಮೇಸ್ತ್ರಿ ಇದ್ದಾನೆ, ಎರಡು ದಿನದ ಕೆಲಸ."

ನನಗೆ ಎಲ್ಲಿತ್ತೋ ಸಿಟ್ಟು! "ಏನ್ರೀ ಹೇಳ್ತಿದ್ದೀರಾ? ಈ ಮನೆಯ ಪಾಯದಿಂದ ಚಾವಣಿಯವರೆಗೆ ಒಬ್ಬನೇ ಮೇಸ್ತ್ರಿಯ ಕೈ. ಮೂವತ್ತು ವರ್ಷದಲ್ಲಿ ಇನ್ನೊಬ್ಬನ ಕರಣೆ ಇಲ್ಲಿನ ಒಂದು ಇಟ್ಟಿಗೆಗೂ ತಾಗಿಲ್ಲ, ತಾಗೋದೂ ಇಲ್ಲ!" ಎಂದು ಎದೆ ಉಬ್ಬಿಸಿ ಹೇಳಿದೆ. ಶಾಲೆಯ ವಾರ್ಷಿಕೋತ್ಸವದಲ್ಲೂ ಅಷ್ಟು ಚೆನ್ನಾಗಿ ಮಾತಾಡಿದವನಲ್ಲ. ಬೇಲಿಯಾಚೆ ಡಾಕ್ಟರು ಕೂಡ ತಲೆದೂಗಿದರು.

ಅವನು ಪಾಪ, ನಿಜವಾಗಿಯೂ ಅರ್ಥವಾಗದೆ ಕೇಳಿದ. "ಹಾಗಿದ್ಮೇಲೆ ಗ್ಯಾರೇಜನ್ನೂ ಅವರ ಕೈಲೇ ಕಟ್ಟಿಸಬಹುದಿತ್ತಲ್ಲ ಸಾರ್?"

ನಾನು ಶಟರಿನ ಮೇಲಿನ ಧೂಳು ಒರೆಸತೊಡಗಿದೆ. ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅವನು ಹೋದ ಮೇಲೆ ಹತ್ತಿರ ಬಂದು, "ಅಣ್ಣನ ಕಾಗದದಲ್ಲಿ ಕಾರಣಾನೂ ಬರೀರಿ" ಎಂದಳು.

"ಏನಂತ?"

"ಇದ್ದದ್ದು ಇದ್ದ ಹಾಗೆ."

"ಎಲ್ಲಾನೂನಾ?"

"ಎಲ್ಲಾನೂ ಅಂತ ನಾನು ಹೇಳಬೇಕಾ? ಒಳಗೊಳಗೇ ನಿಮ್ಮನ್ನ ತಿಂದು ಹಾಕ್ತಿದೆ, ನಾನು ನೋಡ್ತಿಲ್ವಾ?"

ಬರೆಯದೆ ಬಿಟ್ಟರೆ ನೀನು ಮುಂದಿನ ತಿಂಗಳು ಬಂದು ಶಟರಿನ ಮುಂದೆ ನಿಲ್ಲುತ್ತೀಯ. ನಕ್ಕು ಬೈದು ಸುಮ್ಮನಾಗುತ್ತೀಯ, ಇಲ್ಲವೇ ನಮ್ಮ ಅಂಗಳಕ್ಕೆ ಮತ್ತೆ ಕಾಲಿಡುವುದಿಲ್ಲ. ಬರೆದರೂ ಅಷ್ಟೇ. ಯಾವುದು ನಿನಗೆ ಕಡಿಮೆ ನೋವು ಎಂದು ತೂಗಿ ತೂಗಿ ತಕ್ಕಡಿಯೇ ಸುಸ್ತಾಯಿತು. ನಿನ್ನನ್ನು ಉಳಿಸಿಕೊಳ್ಳಲು ಈ ತಗಡು ತಂದೆನೋ, ಕಳೆದುಕೊಳ್ಳಲು ತಂದೆನೋ, ನನಗೆ ಈಗಲೂ ಬಗೆಹರಿದಿಲ್ಲ.

ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ. ಮೊಮ್ಮಗಳು ನೂರು ವರ್ಷ ಬಾಳಲಿ, ಮಗ್ಗಿ ಮಾತ್ರ ನನ್ನ ಹತ್ತಿರ ಕಲಿಯದಿರಲಿ. ನಿನ್ನ ತಂಗಿ, ಅಂದರೆ ನನ್ನ ಹೆಂಡತಿ, ನಿನ್ನ ಆರೋಗ್ಯ ಕೇಳಿದ್ದಾಳೆ. ನೀನು ನೂರು ಕಾಲ ಚೆನ್ನಾಗಿರು. ಬೇಗ ಬಾ. ತಡವಾಗಿಯಾದರೂ ಬಾ.

ನಿನ್ನ
ಮೇಷ್ಟ್ರು

ತಾ. ಕ.: ಇಲ್ಲಿಂದ ಮುಂದಕ್ಕೆ ಮಗಳ ಕೈಲಿ ಓದಿಸಬೇಡ. ಕನ್ನಡಕ ಹಾಕಿಕೊಂಡು ನೀನೇ ಓದು.

ಹೋದ ವರ್ಷ ಹಿತ್ತಲ ಬಾಗಿಲಿಗೆ ಮೂರು ಮೆಟ್ಟಿಲು ಕಟ್ಟಿಕೊಟ್ಟೆಯಲ್ಲ, ಆಗ ಕರಣೆ ಹಿಡಿದ ನಿನ್ನ ಕೈ ನಡುಗುತ್ತಿತ್ತು. ನಾನು ನೋಡಿದ್ದನ್ನು ನೀನು ನೋಡಿದೆ. 'ಚಳಿ' ಎಂದೆ. ಬೆವರು ಒರೆಸಿಕೊಳ್ಳುತ್ತಾ ನಾನೂ 'ಹೌದು, ಚಳಿ' ಎಂದೆ. ನಡುವಿನ ಮೆಟ್ಟಿಲು ಒಂದು ಕಡೆಗೆ ಎರಡು ಬೆರಳು ವಾಲಿತ್ತು. ಇವಳು ಬಟ್ಟೆಯ ಬಕೆಟ್ಟು ಹಿಡಿದು ಇಳಿಯುವಾಗ ಜಾರಿ ಬಿದ್ದಳು. ಮೂಳೆ ಮುರಿಯಲಿಲ್ಲ, ನಿನಗೆ ಹೇಳಬೇಡಿ ಎಂದು ಆಣೆ ಹಾಕಿಸಿಕೊಂಡಳು. ನೀನು ಒಂದು ವಾರ ಮಗಳ ಮನೆಗೆ ಹೋದೆ. ಆ ವಾರದಲ್ಲಿ ಬೇರೆ ಮೇಸ್ತ್ರಿಯನ್ನು ಕರೆಸಿ ಮೂರೂ ಮೆಟ್ಟಿಲು ಒಡೆಸಿ ಹೊಸದಾಗಿ ಕಟ್ಟಿಸಿದೆ.

ನೀನು ಬಂದೆ. ಚೆಂಬಿನಲ್ಲಿ ನೀರು ತಂದು ಮೆಟ್ಟಿಲ ಮೇಲೆ ಸುರಿದು, ಅದು ಎಲ್ಲಾ ಕಡೆ ಸಮನಾಗಿ ಹರಡಿದ್ದನ್ನು ನೋಡಿ, 'ನೋಡಿದ್ಯಾ ಮೇಷ್ಟ್ರೇ, ಕೈ ಇನ್ನೂ ಕೆಟ್ಟಿಲ್ಲ. ಗ್ಯಾರೇಜೂ ನಾನೇ ಕಟ್ತೀನಿ' ಎಂದೆ. ನಾನು ಚಪ್ಪಾಳೆ ತಟ್ಟಿದೆ. ಅವತ್ತಿನಿಂದ ಈ ತಗಡಿನವರೆಗೆ ನಡೆದದ್ದೆಲ್ಲ ಆ ಚಪ್ಪಾಳೆಯಿಂದಲೇ.

ಇದನ್ನಾದರೂ ನೀನು ಕ್ಷಮಿಸುತ್ತೀಯೇನೋ. ಇನ್ನೊಂದಿದೆ. ಒಡೆಯುವಾಗ ಆ ಮನುಷ್ಯ ಸುತ್ತಿಗೆ ನಿಲ್ಲಿಸಿ, ಸುಮ್ಮನೆ ಮಾತಿಗೆ, 'ಯಾರು ಸಾರ್ ಇದನ್ನ ಕಟ್ಟಿದ್ದು?' ಎಂದು ಕೇಳಿದ. ನಾನು 'ಯಾರೋ ಗೊತ್ತಿಲ್ಲಪ್ಪ' ಎಂದೆ.