ಮೂರು ಸಲ ಅಮ್ಮ

ಜೂನ್ 3, ಸೋಮವಾರ

ಪೆನ್ಸಿಲ್ ಚೂಪು ಮಾಡಿಕೊಂಡು ಕೂತೆ. ನಮ್ಮ ಪ್ರಕಾಶನದ ಹಿರಿಯ ಕತೆಗಾರ್ತಿಯ ಹೊಸ ಪುಸ್ತಕದ ಪ್ರೂಫು, ಅಚ್ಚಿಗೆ ಮುಂಚೆ ತಿದ್ದಿಕೊಡಲು. ತಿದ್ದಲು ಏನೂ ಸಿಗುವುದಿಲ್ಲ, ಸುಮ್ಮನೆ ಓದಿಸಿಕೊಂಡು ಹೋಗುತ್ತದೆ. ಸಂಬಳ ತೆಗೆದುಕೊಳ್ಳಲು ನಾಚಿಕೆಯಾಗಬೇಕು, ಆಗುತ್ತಿಲ್ಲ.

ಮಧ್ಯಾಹ್ನ ಆಫೀಸಿನ ಗೋಡೆಗೆ ಒಂದು ಕಾಗದ ಅಂಟಿತು. ಪ್ರಕಾಶನಕ್ಕೆ ಹೊಸದಾಗಿ ಬಂದಿರುವ ಪ್ರಧಾನ ಸಂಪಾದಕರದು... ನಮ್ಮ ಬಾಯಲ್ಲಿ ಹೆಡ್‌ಮಾಷ್ಟ್ರು. ವಾಕ್ಯ ‘ಆದರೆ’ ಎಂದು ಶುರುವಾಗಕೂಡದು. ‘ಮತ್ತು’ ಎಂದೂ ಕೂಡದು. ಅಕ್ಕಪಕ್ಕದ ವಾಕ್ಯಗಳು ಒಂದೇ ಪದದಿಂದ ಶುರುವಾದರೆ ಬದಲಿಸಬೇಕು. ಕೆಳಗೆ ಒಂದು ಷರಾ — ‘ಒಳ್ಳೆಯ ಲೇಖಕರೆಲ್ಲ ಪಾಲಿಸುವ ಕ್ರಮ.’

ಹೌದಾ? ಯಾರು ಹೋಗಿ ನೋಡಿದರಂತೆ?

ಜೂನ್ 5, ಸಂಜೆ

ನಾನೇ ನೋಡಿದೆ. ಮನೆಯ ಕಪಾಟಿನಿಂದ ಇಷ್ಟದ ಪುಸ್ತಕಗಳನ್ನೆಲ್ಲ ಇಳಿಸಿದೆ. ವಾಕ್ಯದ ಮೊದಲ ಪದವನ್ನು ಮಾತ್ರ ನೋಡುತ್ತಾ ಹೋದೆ. ಇವರು ಬಂದು ಇಣುಕಿದರು. “ಏನೇ, ಪರೀಕ್ಷೆ ಕಟ್ಟಿದೀಯಾ?”

ಒಬ್ಬರು ಅಧ್ಯಾಯವನ್ನೇ ‘ಆದರೆ’ ಅಂತ ಶುರು ಮಾಡಿದ್ದಾರೆ. ಇನ್ನೊಬ್ಬರಲ್ಲಿ ಪುಟದ ತುಂಬ ‘ಅವನು, ಅವನು, ಅವನು.’ ಎಷ್ಟು ಸಲ ಓದಿದ ಪುಟಗಳು! ಒಮ್ಮೆಯೂ ಕಣ್ಣಿಗೆ ಚುಚ್ಚಿರಲಿಲ್ಲ. ಮೊದಲ ಪದ ಬದಲಿಸಲು ಸರ್ಕಸ್ಸು ಮಾಡಿದವರು ಒಬ್ಬರೂ ಇಲ್ಲ.

ನ್ಯಾಯವಾಗಿ ಇದನ್ನೂ ಬರೆಯಬೇಕು — ಆಫೀಸಿನಲ್ಲಿ ಬಿದ್ದಿರುವ ಒಂದು ಸಪ್ಪೆ ಕಾದಂಬರಿಯೂ ಹೀಗೇ ಶುರುವಾಗುತ್ತದೆ. ಅದು ಸಪ್ಪೆಯಾಗಿರುವುದು ಮೊದಲ ಪದದಿಂದಲ್ಲ. ಹೇಳಲು ಏನೂ ಇಲ್ಲದ್ದರಿಂದ.

ಜೂನ್ 6

ಪುಸ್ತಕಗಳನ್ನು ಚೀಲದಲ್ಲಿ ಹೊತ್ತುಕೊಂಡೇ ಹೋದೆ. ಹೆಡ್‌ಮಾಷ್ಟ್ರು ಮುಟ್ಟಲೂ ಇಲ್ಲ.

“ಅದು ದೊಡ್ಡೋರ ವಿಷಯ ಕಣಮ್ಮ. ನಿಯಮ ಇರೋದು ಕಲಿಯೋರಿಗೆ.”

“ಕತೆಗಾರ್ತಿ ನಲವತ್ತು ವರ್ಷದಿಂದ ಬರೀತಿದಾರೆ ಸಾರ್. ಇನ್ನೂ ಕಲಿಯೋರಾ?”

“ನಿಯಮ ಅಂದ್ಮೇಲೆ ಎಲ್ಲರಿಗೂ ಒಂದೇ.”

ಎರಡು ನಿಮಿಷದಲ್ಲಿ ಎರಡು ನಾಲಿಗೆ. ಮೈ ಉರಿದುಹೋಯಿತು. ನಾನು ತಿದ್ದುವುದಿಲ್ಲ ಅಂದೆ. “ನೋಡೋಣ” ಅಂದರು.

ಜೂನ್ 14, ಶುಕ್ರವಾರ

ಮಗಳಿಗೆ ಜ್ವರ, ಒಂದು ವಾರ ರಜೆ ಹಾಕಿದ್ದೆ. ವಾಪಸು ಬಂದರೆ ಮೇಜಿನ ಮೇಲೆ ಪ್ರೂಫು... ಕೆಂಪೋ ಕೆಂಪು. ಹೆಡ್‌ಮಾಷ್ಟ್ರು ತಾವೇ ಕೂತು ತಿದ್ದಿದ್ದಾರೆ.

ಕತೆಯಲ್ಲಿ ತಾಯಿ ನಸುಕಿನಲ್ಲಿ ಮನೆ ಬಿಟ್ಟು ಹೋಗುತ್ತಾಳೆ. ಮಗು ಹಾಸಿಗೆಯಿಂದಲೇ ನೋಡುತ್ತಿದೆ. ಕತೆಗಾರ್ತಿ ಬರೆದದ್ದು — ‘ಅಮ್ಮ ಎದ್ದಳು. ಅಮ್ಮ ಬಾಗಿಲು ತೆಗೆದಳು. ಅಮ್ಮ ಹಿಂದಿರುಗಿ ನೋಡಲಿಲ್ಲ.’

ಈಗ ಇರುವುದು — ‘ಅಮ್ಮ ಎದ್ದಳು. ಜನನಿಯು ಬಾಗಿಲು ತೆಗೆದಳು. ಹೆತ್ತವಳು ಹಿಂದಿರುಗಿ ನೋಡಲಿಲ್ಲ.’

ನಗಬೇಕೋ ಅಳಬೇಕೋ. ಎರಡನ್ನೂ ಬಾತ್‌ರೂಮಿಗೆ ಹೋಗಿ ಮುಗಿಸಿ ಬಂದೆ.

ಜೂನ್ 17

ಕತೆಗಾರ್ತಿಗೆ ಈಗ ಕಣ್ಣು ಮಂಜು. ಪ್ರೂಫನ್ನು ನಾನೇ ಫೋನಿನಲ್ಲಿ ಓದಿ ಹೇಳುವುದು ರೂಢಿ. ತಿದ್ದಿದ್ದನ್ನು ತಿದ್ದಿದ ಹಾಗೇ ಓದಿದೆ.

“ನಿಲ್ಲು ನಿಲ್ಲು. ಅಮ್ಮ ಎದ್ಲು. ಇನ್ಯಾರೋ ಬಾಗಿಲು ತೆಗೆದ್ಲು. ಮತ್ಯಾರೋ ಹೊರಟೇಹೋದ್ಲು. ಆ ಮನೇಲಿ ಎಷ್ಟು ಜನ ಹೆಂಗಸ್ರೇ?”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವರ ದನಿ ಸಣ್ಣದಾಯಿತು.

“ಆ ಮಗು ಕರೀತಿದೆ ಕಣೇ. ಬಾಯಿ ಬಿಡೋಕಾಗ್ದೆ ಒಳಗೊಳಗೇ ಕರೀತಿದೆ. ಮಿಕ್ಕಿದ್ದೇನಾದ್ರೂ ಮಾಡ್ಕೊಳ್ಳಿ. ಅದೊಂದನ್ನ ಉಳಿಸ್ಕೊಡು.”

ಅದೊಂದನ್ನೇ ಯಾಕೆ, ಎಲ್ಲವನ್ನೂ ಉಳಿಸುತ್ತೇನೆ ಅಂದೆ. ಹೇಗೆ ಅಂತ ಇನ್ನೂ ಗೊತ್ತಿಲ್ಲ.

ಜೂನ್ 18

ಪ್ರೆಸ್ಸಿಗೆ ಹೋಗುವ ಪುಟಗಳಿಗೆ ಕೊನೆಯ ಸಹಿ ನನ್ನದು. ಕೆಂಪು ಶಾಯಿಯ ಕಟ್ಟನ್ನು ಪಕ್ಕಕ್ಕಿಟ್ಟೆ. ತಿದ್ದುವ ಮುಂಚಿನ ಪುಟಗಳಿಗೇ ಸಹಿ ಹಾಕಿ ಕಳಿಸಿದೆ. ಸಹಿ ಸೊಟ್ಟಗಾಯಿತು. ಆಗಲಿ.

ಜೂನ್ 28, ಶುಕ್ರವಾರ

ಪುಸ್ತಕ ಬಂತು. ಹೆಡ್‌ಮಾಷ್ಟ್ರಿಂದ ಕರೆಯೂ ಬಂತು.

“ಯಾರನ್ನ ಕೇಳಿ ಮಾಡಿದ್ರಿ?”

“ಬರೆದೋರನ್ನ.”

ಸೋಮವಾರ ಬೆಳಿಗ್ಗೆ ಕ್ಷಮಾಪಣೆ ಪತ್ರ ಕೊಡಬೇಕಂತೆ. ಇಲ್ಲವಾದರೆ ಬರುವುದೇ ಬೇಡವಂತೆ. ಹೆದರಿಕೆ ಇದೆ, ಸುಳ್ಳು ಯಾಕೆ. ಮನೆ ನಡೆಯುವುದು ಎರಡು ಸಂಬಳದಲ್ಲಿ. ಇವರು ಪಾತ್ರೆ ತೊಳೆಯುತ್ತಾ ಕೇಳಿದರು, “ಬರೀತೀಯಾ?” ಇಲ್ಲ ಅಂದೆ. ನಲ್ಲಿ ನಿಲ್ಲಿಸಿದರು. “ಯೋಚ್ನೆ ಮಾಡು. ನಿನ್ನಿಷ್ಟ,” ಅಂದರು. ಮತ್ತೆ ನಲ್ಲಿ ಬಿಟ್ಟರು.

ಜೂನ್ 30, ಭಾನುವಾರ

ಮೇಜಿನ ಮೇಲೆ ಬಿಳಿ ಹಾಳೆಗಳು. ಇವರೇ ತಂದಿಟ್ಟದ್ದು, ಮನಸ್ಸು ಬದಲಾದರೆ ಇರಲಿ ಅಂತ. ಬದಲಾಗಿಲ್ಲ.

ಈಗ ಫೋನು. ಕತೆಗಾರ್ತಿ. “ಹೊಸ ಕತೆ ಹೊಳೆದಿದೆ ಕಣೇ. ನಾನು ಹೇಳ್ತೀನಿ, ನೀನೇ ಬರ್ಕೋ. ಕೆಲ್ಸ ಹೋದ್ರೂ ಕೈ ಇದೆ ತಾನೇ?” ಇರು, ನೀರು ಕುಡಿದು ಬರ್ತೀನಿ ಅಂತ ಎದ್ದು ಹೋಗಿದ್ದಾರೆ. ಅಷ್ಟರಲ್ಲಿ ಇದನ್ನು ಗೀಚುತ್ತಿದ್ದೇನೆ. ಕ್ಷಮಾಪಣೆಯ ಹಾಳೆಗಳನ್ನೇ ಹತ್ತಿರಕ್ಕೆ ಎಳೆದುಕೊಂಡೆ.

ಬಂದರು. ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ. ಮೊದಲ ಪದ —