ಆ ಮಂಗಳವಾರ ನಮ್ಮ ಮನೆ ಆಸ್ಪತ್ರೆಗೆ ಹೋಗಿತ್ತು

ನಿವಾಸ ನೋಂದಣಾಧಿಕಾರಿಗಳಿಗೆ

ಮಾನ್ಯರೇ,

ಕಳೆದ ತಿಂಗಳು ಹದಿನಾಲ್ಕನೇ ತಾರೀಖು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಿಮ್ಮ ಕಚೇರಿ ನನ್ನನ್ನೂ ನನ್ನ ಹೆಂಡತಿಯನ್ನೂ ಈ ಊರಿನಿಂದ ಅಳಿಸಿಹಾಕಿತು. ಗಂಟೆ ನಿಮಿಷ ನಾನು ಹೇಳುತ್ತಿರುವುದಲ್ಲ, ನಿಮ್ಮ ಸ್ಥಳ ಪರಿಶೀಲಕರು ತೆಗೆದ ಫೋಟೋದ ಮೂಲೆಯಲ್ಲೇ ಅಚ್ಚಾಗಿದೆ. ಫೋಟೋದ ಕೆಳಗೆ ಅವರ ಷರಾ ಹೀಗಿದೆ: ‘ಸದರಿ ವಿಳಾಸದಲ್ಲಿ ಯಾವುದೇ ಮನೆ ಕಂಡುಬಂದಿರುವುದಿಲ್ಲ. ಎರಡು ಹೂಕುಂಡಗಳು ಮಾತ್ರ ಇರುತ್ತವೆ.’

ಮನೆ ಕಂಡುಬರಲಿಲ್ಲ, ನಿಜ. ಮನೆ ಆಸ್ಪತ್ರೆಗೆ ಹೋಗಿತ್ತು.

ಇದು ಪತ್ರಿಕೆಯಲ್ಲಿ ಬರುವ ಪತ್ರವಾದ್ದರಿಂದ ಓದುಗರಿಗೂ ಎರಡು ಮಾತು ಹೇಳಬೇಕು. ನಾವು ಗಂಡ ಹೆಂಡತಿ ಹನ್ನೊಂದು ವರ್ಷದಿಂದ ಗಾಡಿಯಲ್ಲೇ ವಾಸವಾಗಿರುವವರು. ಅದಕ್ಕೂ ಮೊದಲು ಇಪ್ಪತ್ತಾರು ವರ್ಷ ನಾನು ಸಂಚಾರಿ ಗ್ರಂಥಾಲಯದ ಚಾಲಕನಾಗಿದ್ದೆ. ಗಾಡಿ ನನಗಿಂತ ಒಂದು ತಿಂಗಳು ಮೊದಲು ನಿವೃತ್ತಿಯಾಯಿತು. ಹರಾಜಿನಲ್ಲಿ ನಾನೇ ಕೊಂಡೆ. ಕಾದಂಬರಿಗಳ ಕಪಾಟು ಬಿಚ್ಚಿ ಮಂಚ ಮಾಡಿಸಿದೆವು. ಇತಿಹಾಸವಿದ್ದ ಜಾಗದಲ್ಲಿ ಪಾತ್ರೆಗಳಿವೆ. ಪ್ರವಾಸ ಕಥನಗಳಿದ್ದ ಜಾಗದಲ್ಲಿ ಈಗ ಔಷಧಿಗಳಿವೆ. ನನ್ನ ಹೆಂಡತಿ ಮೂವತ್ತು ವರ್ಷ ಭೂಗೋಳ ಕಲಿಸಿದವಳು. ‘ನಕ್ಷೆ ಮೇಲೆ ಕೋಲು ಇಟ್ಟು ತೋರ್ಸಿ ತೋರ್ಸಿ ಸಾಕಾಯ್ತು ಕಣ್ರೀ, ಆ ನದಿಗಳಲ್ಲಿ ಒಂದಕ್ಕಾದ್ರೂ ಕಾಲು ಇಳಿಬಿಡ್ಬೇಕು’ ಎಂದಳು. ಬಾಡಿಗೆ ಮನೆ ಬಿಟ್ಟು ಹೊರಟೆವು. ಐದೂವರೆ ವರ್ಷದಲ್ಲಿ ಹದಿನೇಳು ನದಿಗಳಿಗೆ ಕಾಲು ಇಳಿಬಿಟ್ಟಳು. ಹದಿನೆಂಟನೆಯದರ ದಡದಲ್ಲಿ ನೀರಿನಿಂದೆದ್ದು ಬಂದವಳ ಕಾಲಿಗೆ ಅವಳದೇ ಚಪ್ಪಲಿ ಹಿಡಿಸಲಿಲ್ಲ. ಪಾದ ಅಷ್ಟು ಊದಿತ್ತು. ಎರಡೂ ಕಿಡ್ನಿ ಕೈಕೊಟ್ಟಿವೆ ಎಂದು ನಾಲ್ಕು ದಿನದ ಮೇಲೆ ಗೊತ್ತಾಯಿತು.

ಅಲ್ಲಿಗೆ ತಿರುಗಾಟ ಮುಗಿದು ಈ ಊರಿಗೆ ವಾಪಸಾದೆವು. ನಮ್ಮ ಪ್ರಪಂಚ ಈಗ ವಾಹನ ಮೈದಾನದ ಮೂರನೇ ಸಾಲಿನ ಎಂಟನೇ ಜಾಗದಿಂದ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯ ಹಿಂಭಾಗದವರೆಗೆ, ಒಂಬತ್ತು ಕಿಲೋಮೀಟರ್. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಆರು ನಲವತ್ತಕ್ಕೆ ಹೊರಡುತ್ತೇವೆ. ನಾಲ್ಕು ಗಂಟೆ ಡಯಾಲಿಸಿಸ್. ಅದಾದ ಮೇಲೆ ಅವಳಿಗೆ ಕೂರಲೂ ಆಗುವುದಿಲ್ಲ. ರಕ್ತದೊತ್ತಡ ಇಳಿದು, ಮೀನಖಂಡ ಸೆಡೆತು, ಎರಡು ಗಂಟೆ ಮಲಗಲೇಬೇಕು. ಅವಳ ಹಾಸಿಗೆ ಅವಳ ಜೊತೆಗೇ ಬಂದಿರುತ್ತದೆ. ಹೊರಡುವಾಗ ಜಾಗದ ಎರಡು ಮೂಲೆಗೆ ಒಂದೊಂದು ಹೂಕುಂಡ ಇಡುತ್ತಾಳೆ, ನಾವು ವಾಪಸು ಬರುವವರು ಎಂದು ಅಕ್ಕಪಕ್ಕದವರಿಗೆ ತಿಳಿಯಲಿ ಎಂದು. ಮೈದಾನದಲ್ಲಿ ಎಲ್ಲರಿಗೂ ತಿಳಿಯುತ್ತದೆ. ನಿಮ್ಮ ಪರಿಶೀಲಕರಿಗೊಬ್ಬರಿಗೆ ತಿಳಿಯಲಿಲ್ಲ.

ತಿಳಿಯಲಿಲ್ಲ ಎನ್ನುವುದೂ ತಪ್ಪೇ. ಒಂಬತ್ತನೇ ಜಾಗದಲ್ಲಿ ತನ್ನ ವ್ಯಾನಿನೊಳಗೇ ಇರುವ ಸಾಣೆಗಾರ ಅವರಿಗೆ ಹೇಳಿದ್ದ: ‘ಸಾರ್, ಅವ್ರು ಆಸ್ಪತ್ರೆಗೆ ಹೋಗವ್ರೆ. ಮೂರು ಗಂಟೆಗೆ ಬನ್ನಿ, ಮನೆ ಬಂದಿರುತ್ತೆ.’ ಪರಿಶೀಲಕರು ನಕ್ಕರಂತೆ. ‘ನೀನು ಹೇಳೋದನ್ನ ಬರ್ಕೊಳ್ಳೋಕೆ ನಮ್ಮ ನಮೂನೇಲಿ ಕಾಲಂ ಇಲ್ಲಪ್ಪಾ’ ಎಂದರಂತೆ.

ನಿಮ್ಮ ಫೋಟೋವನ್ನು ನಾನು ಭೂತಗನ್ನಡಿ ಹಿಡಿದು ನೋಡಿದ್ದೇನೆ. ನೀವೂ ನೋಡಬೇಕೆಂದು ಕೇಳುತ್ತೇನೆ. ಅಂದು ಬೆಳಗಿನ ಜಾವ ಮಳೆ ಬಂದಿತ್ತು. ಫೋಟೋದಲ್ಲಿ ಮೈದಾನವೆಲ್ಲ ಒದ್ದೆ. ನಟ್ಟನಡುವೆ ಮಾತ್ರ ಉದ್ದನೆಯ ಚೌಕದ ಒಂದು ಜಾಗ ಒಣಗಿದೆ. ಇಪ್ಪತ್ತೆರಡು ಅಡಿ ಉದ್ದ, ಏಳೂವರೆ ಅಡಿ ಅಗಲ. ಎರಡು ಹೂಕುಂಡಗಳ ನಡುವೆ ಇರುವ ಆ ಒಣ ನೆಲವೇ ಸ್ವಾಮಿ ನಮ್ಮ ಮನೆ. ರಾತ್ರಿಯಿಡೀ ಅಲ್ಲಿ ಏನೂ ನಿಂತಿರದಿದ್ದರೆ ಮಳೆ ಅಷ್ಟನ್ನು ಬಿಟ್ಟು ಸುತ್ತ ಮಾತ್ರ ಸುರಿಯಿತೇ? ನಾವು ಅಲ್ಲಿ ವಾಸವಾಗಿಲ್ಲ ಎಂಬುದಕ್ಕೆ ನೀವು ಲಗತ್ತಿಸಿದ ಸಾಕ್ಷಿಯೇ ನಾವು ಅಲ್ಲಿದ್ದೆವು ಎಂದು ಕೂಗಿ ಹೇಳುತ್ತಿದೆ.

ಇನ್ನು ನಮ್ಮ ಹೆಸರು ತೆಗೆದುಹಾಕಿದ್ದನ್ನು ತಿಳಿಸುವ ನಿಮ್ಮ ಹಿಂಬರಹ ನಮ್ಮ ಕೈಸೇರಿದ ಬಗೆ. ಅದೇ ತಿಂಗಳ ಇಪ್ಪತ್ತೆರಡಕ್ಕೆ ಬಂತು, ನೋಂದಾಯಿತ ಅಂಚೆಯಲ್ಲಿ. ಅಂಚೆಯವನು ಮೆಟ್ಟಿಲ ಮೇಲೆ ಕಾಲಿಟ್ಟು, ‘ಲೈಬ್ರರಿ ತಾತ, ಒಂದು ಸಹಿ ಹಾಕಿ’ ಎಂದ. ಮೂರನೇ ಸಾಲು, ಎಂಟನೇ ಜಾಗ ಎಂದು ಲಕೋಟೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಆ ವಿಳಾಸದಲ್ಲಿ ನಾವಿಲ್ಲ ಎಂದು ತಿಳಿಸುವ ಕಾಗದವನ್ನು ಆ ವಿಳಾಸದಲ್ಲೇ ನಿಂತು ಸಹಿ ಮಾಡಿ ತೆಗೆದುಕೊಂಡೆ.

ನನಗೆ ಮರೆವು ಕಡಿಮೆ. ಹನ್ನೊಂದು ವರ್ಷದ ಹಿಂದೆ ನಿಮ್ಮ ಕುರ್ಚಿಯಲ್ಲಿದ್ದವರು ಖುದ್ದಾಗಿ ನಮ್ಮ ಗಾಡಿ ಹತ್ತಿ ನೋಡಿದ್ದರು. ಒಲೆ ಎಲ್ಲಿ, ನೀರಿನ ತೊಟ್ಟಿ ಎಲ್ಲಿ ಎಂದೆಲ್ಲ ವಿಚಾರಿಸಿ, ಖಾಲಿ ಕಪಾಟಿನ ಮೇಲೆ ಇನ್ನೂ ಅಂಟಿಕೊಂಡಿದ್ದ ‘ಮೌನವಾಗಿರಿ’ ಚೀಟಿ ಓದಿ, ‘ಈ ಮನೇಲಿ ಜಗಳ ಆಡೋದು ಹೇಗಮ್ಮಾ?’ ಎಂದು ನನ್ನ ಹೆಂಡತಿಯನ್ನು ಕೇಳಿದ್ದರು. ‘ಕೆಳಗಿಳಿದು ಆಡ್ತೀವಿ ಸಾರ್’ ಎಂದಿದ್ದಳು. ಅವರೇ ಗಾಡಿಯ ಸಂಖ್ಯೆಯನ್ನು ಮನೆಯ ಸಂಖ್ಯೆಯೆಂದು ಬರೆದು ಮೊಹರು ಒತ್ತಿದರು. ಆ ಕಡತ ನಿಮ್ಮಲ್ಲೇ ಇರಬೇಕು. ಅಥವಾ ಅದೂ ಕಂಡುಬಂದಿರುವುದಿಲ್ಲವೋ?

ಅದು ಬೇಡ, ನಿಮ್ಮದೇ ಕಾಲಕ್ಕೆ ಬರೋಣ. ನಾಲ್ಕು ವರ್ಷದ ಹಿಂದೆ ಪ್ರವಾಸಿಗರನ್ನು ಕರೆಯಲು ನಿಮ್ಮ ಮುನ್ನುಡಿಯೊಂದಿಗೆ ಬಣ್ಣದ ಪುಸ್ತಿಕೆಯೊಂದು ಬಂತು. ಏಳನೇ ಪುಟದಲ್ಲಿ ಗಾಡಿಯ ಬಾಗಿಲಲ್ಲಿ ಪುಸ್ತಕ ಹಿಡಿದು ಕುಳಿತಿರುವ ಹೆಂಗಸು ನನ್ನ ಹೆಂಡತಿ. ಕೆಳಗಿನ ಸಾಲು: ‘ಮನೆಯೇ ನಿಮ್ಮ ಜೊತೆಗೆ ಬರಲಿ!’ ಡಯಾಲಿಸಿಸ್ ಸೂಜಿಯಿಂದ ಅವಳ ಎಡಗೈ ಆಗಲೇ ಗಂಟುಗಂಟಾಗಿತ್ತು. ಫೋಟೋ ತೆಗೆಯುವವನು, ‘ಅಮ್ಮಾ, ಆ ಕೈ ಸ್ವಲ್ಪ ಮರೆ ಮಾಡಿ’ ಎಂದಿದ್ದ. ಅವಳು ಪುಸ್ತಕವನ್ನು ಅಡ್ಡ ಹಿಡಿದಳು. ಮನೆ ಜೊತೆಗೆ ಬರಬೇಕೆಂದು ಮುನ್ನುಡಿ ಬರೆದವರೂ, ಮನೆ ಜೊತೆಗೆ ಹೋಯಿತೆಂದು ಹೆಸರು ಹೊಡೆದುಹಾಕಿದವರೂ ಒಬ್ಬರೇ ಹೇಗಾದಿರಿ?

ಹಿಂಬರಹ ಹಿಡಿದು ನಿಮ್ಮ ಕಚೇರಿಗೆ ಬಂದೆ. ನೀವು ಸಿಗಲಿಲ್ಲ. ಕೌಂಟರಿನ ಗುಮಾಸ್ತರು ನಮೂನೆಯನ್ನು ನನ್ನ ಕಡೆಗೆ ತಿರುಗಿಸಿ ತೋರಿಸಿದರು.

‘ನೋಡಿ ಯಜಮಾನ್ರೇ, ಮನೆಯವರಿದ್ದಾರೆ, ಬೀಗ ಹಾಕಿದೆ, ಮನೆ ಇಲ್ಲ. ಇರೋದೇ ಮೂರು ಕಾಲಂ. ನೀವು ಬೀಗ ಹಾಕ್ಕೊಂಡು ಹೋಗಿದ್ರೆ ಬೀಗ ಅಂತ ಬರೀತಿದ್ರು. ಬೀಗ ಹಾಕೋಕೆ ಬಾಗ್ಲೇ ಇಲ್ವಲ್ಲ ಅಲ್ಲಿ!’

‘ಬಾಗಿಲು ಆಸ್ಪತ್ರೆ ಹತ್ರ ಇತ್ತಪ್ಪಾ.’

‘ಆಸ್ಪತ್ರೆಗೆ ಟ್ಯಾಕ್ಸೀಲಿ ಹೋಗ್ತಾರೆ, ಮನೆ ಸಮೇತ ಯಾರಾದ್ರೂ ಹೋಗ್ತಾರಾ?’

‘ಮೂರು ದಿನಕ್ಕಿಂತ ಜಾಸ್ತಿ ಗಾಡಿ ಒಂದೇ ಕಡೆ ನಿಂತ್ರೆ ಎಳ್ಕೊಂಡು ಹೋಗ್ತೀವಿ ಅಂತ ಮೈದಾನದಲ್ಲಿ ಬೋರ್ಡ್ ಹಾಕಿರೋರು ಯಾರು?’

‘ಅದು ಪಕ್ಕದ ಕೌಂಟರ್.’

ಪಕ್ಕದ ಕೌಂಟರಿನವರು ನನ್ನ ಮಾತೆಲ್ಲ ಕೇಳಿ, ‘ನೀವು ಹೊರಡ್ತಾ ಇದೀರಲ್ಲ, ನಮ್ಮ ಕಡೆಯಿಂದ ಏನೂ ತೊಂದ್ರೆ ಇಲ್ಲ. ಹಿಂಗೇ ಹೊರಡ್ತಾನೇ ಇರಿ’ ಎಂದು ಹರಸಿ ಕಳಿಸಿದರು.

ಮೊದಲನೆಯ ಗುಮಾಸ್ತರು ಕೆಟ್ಟವರಲ್ಲ. ನಾನು ಮತ್ತೆ ಅವರ ಮುಂದೆ ನಿಂತಾಗ ದನಿ ತಗ್ಗಿಸಿ, ‘ಮರುಪರಿಶೀಲನೆಗೆ ಅರ್ಜಿ ಕೊಡಿ. ಐದನೇ ತಾರೀಖು ಮಂಗಳವಾರ ಬರ್ತಾರೆ. ಅವತ್ತೊಂದಿನ ಎಲ್ಲೂ ಹೋಗ್ಬೇಡಿ, ಮನೆ ಕಣ್ಣಿಗೆ ಕಾಣ್ಬೇಕು’ ಎಂದರು. ಸೋಮವಾರ ಬರಲಿ, ಬುಧವಾರ ಬರಲಿ ಎಂದು ಬೇಡಿಕೊಂಡೆ. ‘ಮೂರನೇ ಸಾಲು ಮಂಗಳವಾರದ್ದು, ಯಜಮಾನ್ರೇ. ನಾನೇನ್ ಮಾಡ್ಲಿ?’

ಅರ್ಜಿ ಕೊಟ್ಟು ಮೈದಾನಕ್ಕೆ ಬಂದು ಹೆಂಡತಿಗೆ ಹೇಳಿದೆ.

‘ಒಂದು ಸಲ ತಪ್ಪಿದ್ರೆ ಸತ್ತೇನೂ ಹೋಗಲ್ಲ ಕಣ್ರೀ’ ಎಂದಳು ನನ್ನ ಹೆಂಡತಿ. ‘ನೀರು ಕಮ್ಮಿ ಕುಡೀತೀನಿ. ಆ ಪುಣ್ಯಾತ್ಮ ಬಂದು ನೋಡ್ಕೊಂಡು ಹೋಗ್ಲಿ.’ ನಾನು ಒಪ್ಪಿದೆ. ಈ ಇಡೀ ಪ್ರಕರಣದಲ್ಲಿ ನಿಮ್ಮ ತಲೆಗೆ ಕಟ್ಟಲಾಗದ ತಪ್ಪು ಇದೊಂದೇ. ಇದನ್ನು ನಾನೇ ಹೊರುತ್ತೇನೆ.

ಐದನೇ ತಾರೀಖು ಬೆಳಿಗ್ಗೆ ಅವಳು ಗಾಡಿ ಗುಡಿಸಿ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಬಂದವರಿಗೆಂದು ಒಂದು ಲೋಟ ನೀರು ಮುಚ್ಚಿಟ್ಟು ಬಾಗಿಲಲ್ಲಿ ಕುಳಿತಳು. ತಾನು ಕುಡಿಯಲಾರದ ನೀರು. ‘ಶಾಲೆಗೆ ಇನ್ಸ್‌ಪೆಕ್ಟರ್ ಬರೋ ದಿನಾನೂ ಹಿಂಗೇ ಇರ್ತಿತ್ತು. ಅವ್ರು ಬಂದು ಹೋಗೋವರ್ಗೂ ನಾವ್ಯಾರೂ ಬಾತ್‌ರೂಮಿಗೂ ಎದ್ದು ಹೋಗ್ತಿರ್ಲಿಲ್ಲ. ಈಗ ನಂಗೆ ಆ ತಾಪತ್ರಯವೂ ಇಲ್ಲ ನೋಡಿ’ ಎಂದು ನಕ್ಕಳು. ಹತ್ತು ಗಂಟೆ ಇಪ್ಪತ್ತಾಯಿತು. ಹನ್ನೆರಡಾಯಿತು. ನಾಲ್ಕಕ್ಕೆ ಅವಳ ಉಂಗುರ ಬೆರಳಲ್ಲಿ ಹೂತುಹೋಗಿತ್ತು. ಪರಿಶೀಲಕರು ಬರಲಿಲ್ಲ. ಅಂದು ಅವರಿಗೆ ಸಭೆ ಇತ್ತಂತೆ.

ಬುಧವಾರ ಬೆಳಿಗ್ಗೆ ಎಂಟಕ್ಕೆ ಅವಳಿಗೆ ಮಲಗಿದರೆ ಉಸಿರಿಲ್ಲ, ಕೂತರೆ ಬಲವಿಲ್ಲ. ಮುಖ ಗುರುತು ಸಿಗದಷ್ಟು ಊದಿತ್ತು. ಚಾಲಕನ ಸೀಟಿಗೆ ಹಾರಿ ಕುಳಿತರೆ ಗಾಜಿನ ಮೇಲೆ, ಸರಿಯಾಗಿ ನನ್ನ ಕಣ್ಣಿಗೆ ಅಡ್ಡವಾಗಿ, ಒಂದು ಹಳದಿ ಕಾಗದ ಅಂಟಿಸಿತ್ತು. ಮೂರು ದಿನ ಮೀರಿ ನಿಂತ ವಾಹನವೆಂದು ನಿಮ್ಮ ಕಚೇರಿಯ ಎಚ್ಚರಿಕೆ. ಕೀಳುವಷ್ಟು ಸಮಯವಿರಲಿಲ್ಲ. ಕತ್ತು ಓರೆ ಮಾಡಿ ಕಾಗದದ ಪಕ್ಕದಿಂದ ರಸ್ತೆ ನೋಡಿಕೊಂಡು ಒಂಬತ್ತು ಕಿಲೋಮೀಟರ್ ಓಡಿಸಿದೆ. ಹೊರಡುವ ಅವಸರದಲ್ಲಿ ಚಕ್ರದಡಿ ಏನೋ ಒಡೆದ ಸದ್ದಾಯಿತು.

ಏನು ಒಡೆಯಿತೆಂದು ನಿಮ್ಮ ಎರಡನೆಯ ವರದಿಯಿಂದ ತಿಳಿಯಿತು. ಪರಿಶೀಲಕರು ಅದೇ ಬುಧವಾರ ಹನ್ನೊಂದು ಗಂಟೆಗೆ ಬಂದಿದ್ದರು. ‘ಎರಡನೇ ಬಾರಿಯೂ ಮನೆ ಕಂಡುಬಂದಿರುವುದಿಲ್ಲ. ಹೂಕುಂಡ ಒಂದು, ಒಡೆದ ಹೂಕುಂಡ ಒಂದು ಇರುತ್ತವೆ.’

ಎರಡೂ ಕಾಗದ ನನ್ನ ಮುಂದಿವೆ. ನಾವು ಆ ಜಾಗ ಬಿಟ್ಟು ಕದಲುತ್ತಿಲ್ಲ ಎಂದು ಒಂದು, ಆ ಜಾಗದಲ್ಲಿ ನಾವು ಇಲ್ಲವೇ ಇಲ್ಲ ಎಂದು ಇನ್ನೊಂದು. ಎರಡರಲ್ಲೂ ಒಂದೇ ತಾರೀಖು, ಒಂದೇ ಮೊಹರು. ನಿಂತರೂ ತಪ್ಪು, ಹೊರಟರೂ ತಪ್ಪು ಎಂದರೆ ಚಕ್ರವಿರುವ ಮನೆಗೆ ಉಳಿದಿರುವ ಮೂರನೆಯ ದಾರಿ ಯಾವುದು, ಮಾನ್ಯರೇ? ಅವಳಿಗೆ ಉಳಿದಿರುವುದು ಯಾವುದು?

ಎರಡು ದಿನ ಅವಳನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ನರ್ಸಮ್ಮ, ‘ಏನ್ ಟೀಚರಮ್ಮ, ನೀವೇ ಕ್ಲಾಸ್ ತಪ್ಪಿಸಿದ್ರೆ ಹೆಂಗೆ?’ ಎಂದು ಗದರಿದರು. ಆಮ್ಲಜನಕದ ಮುಖವಾಡದೊಳಗೆ ಅವಳು ನಕ್ಕಳು. ಆಮೇಲೆ ನರ್ಸಮ್ಮ ನನ್ನನ್ನು ಹೊರಗೆ ಕರೆದು ಕಂಪ್ಯೂಟರ್ ತೋರಿಸಿದರು. ಕಿಡ್ನಿಗಾಗಿ ಕಾಯುತ್ತಿರುವವರ ಪಟ್ಟಿ. ಐದು ವರ್ಷ ನಾಲ್ಕು ತಿಂಗಳ ಹಿಂದೆ ಅರವತ್ತೊಂದನೆಯವಳಾಗಿ ಸೇರಿದವಳು ಈಗ ನಾಲ್ಕನೆಯವಳು. ಅವಳ ಹೆಸರಿನ ಎದುರು ಕೆಂಪಕ್ಷರದಲ್ಲಿ ‘ವಿಳಾಸ ಅಮಾನ್ಯ’ ಎಂದಿತ್ತು.

‘ಮೂವತ್ತನೇ ತಾರೀಖು ಪಟ್ಟಿ ಹೊಸದಾಗುತ್ತೆ ಅಂಕಲ್. ಅಷ್ಟರೊಳಗೆ ಇದನ್ನ ಸರಿ ಮಾಡಿಸ್ಕೊಂಡು ಬನ್ನಿ. ನಿಮ್ಮ ಕಾಲಿಗೆ ಬೀಳ್ತೀನಿ, ತಡ ಮಾಡ್ಬೇಡಿ.’

ಯಾರದಾದರೂ ಮನೆಯ ವಿಳಾಸ ಕೊಟ್ಟುಬಿಡಿ ಎಂದು ಬುದ್ಧಿ ಹೇಳುವವರಿದ್ದಾರೆ. ಅವಳ ಜೀವ ಉಳಿಯುವುದಾದರೆ ನಾನು ಯಾವ ಸುಳ್ಳಿಗೂ ಸಿದ್ಧ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ. ಆದರೆ ಹೊಸ ವಿಳಾಸವೆಂದರೆ ಹೊಸ ಅರ್ಜಿ, ಹೊಸ ಅರ್ಜಿಗೆ ಪಟ್ಟಿಯ ಕೊನೆಯ ಸ್ಥಾನ. ಅಂದರೆ ಇನ್ನೂರ ಹದಿಮೂರು. ಅವಳ ಬಳಿ ಅಷ್ಟು ವರ್ಷಗಳಿಲ್ಲ. ಅವಳಿಗೂ ಅದು ಗೊತ್ತು. ಮೊನ್ನೆ ಉಳಿದ ಒಂದು ಹೂಕುಂಡವನ್ನು ಒರೆಸುತ್ತಾ, ‘ರೀ, ನಾನು ಹೋದ್ಮೇಲೆ ಗಾಡಿ ಎಲ್ಲೂ ಹೋಗ್ಬೇಕಾಗಿಲ್ಲ ಅಲ್ವಾ? ಆಗ ಮನೆ ಮಂಗಳವಾರಾನೂ ಕಾಣುತ್ತೆ’ ಎಂದಳು. ತಮಾಷೆಗೇ ಹೇಳಿದಳು. ನಾನು ಅವಳ ಕೈಯಿಂದ ಹೂಕುಂಡ ತೆಗೆದುಕೊಂಡು ಗಾಡಿಯೊಳಗಿಟ್ಟು, ಈ ಪತ್ರ ಬರೆಯಲು ಕುಳಿತೆ.

ಆದ್ದರಿಂದ ನಿಮ್ಮನ್ನು ಕೇಳುತ್ತಿದ್ದೇನೆ. ದಯೆ ಬೇಡ, ವಿನಾಯಿತಿ ಬೇಡ. ನಿಮ್ಮದೇ ಕಚೇರಿ ಹನ್ನೊಂದು ವರ್ಷದ ಹಿಂದೆ ಒತ್ತಿದ ಮೊಹರಿಗೆ ಇಂದೂ ಬೆಲೆಯಿದೆ ಎಂದು ಒಂದು ಸಾಲು ಬರೆದು ಆಸ್ಪತ್ರೆಗೆ ಕಳಿಸಿ. ಹಾಗೆ ಬರೆಯಲಾರಿರಾದರೆ ಈ ಪ್ರಶ್ನೆಗೆ ಉತ್ತರ ಕೊಡಿ: ಪಟ್ಟಿ ಹೊಸದಾಗುವ ಮೊದಲು ಮೂರನೇ ಸಾಲಿನ ಪರಿಶೀಲನೆಗೆ ಉಳಿದಿರುವ ಕೊನೆಯ ದಿನವಾದ ಬರುವ ಮಂಗಳವಾರ, ಇಪ್ಪತ್ತಾರನೇ ತಾರೀಖು, ಬೆಳಿಗ್ಗೆ ಆರು ನಲವತ್ತಕ್ಕೆ ನಾನು ಗಾಡಿ ಚಾಲೂ ಮಾಡಬೇಕೋ, ಬೇಡವೋ? ಮಾಡಿದರೆ ಪಟ್ಟಿಯಿಂದ ಹೆಂಡತಿಯ ಹೆಸರು ಹೋಗುತ್ತದೆ, ಮಾಡದಿದ್ದರೆ ಹೆಂಡತಿಯೇ ಹೋಗುತ್ತಾಳೆ. ಮಾಡು ಅಥವಾ ಬೇಡ, ಒಂದೇ ಪದ ಸಾಕು. ಕೌಂಟರಿನ ಹಿಂದಿನಿಂದ ಪಿಸುಗುಟ್ಟಬೇಡಿ, ಲಕೋಟೆಯಲ್ಲಿಟ್ಟು ಕಳಿಸಬೇಡಿ. ನಿಮ್ಮ ಸಹಿ ಹಾಕಿ, ಸೋಮವಾರ ಸಂಜೆಯೊಳಗೆ, ನಿಮ್ಮ ಕಚೇರಿಯ ಸೂಚನಾ ಫಲಕದ ಮೇಲೂ ಇದೇ ಪತ್ರಿಕೆಯಲ್ಲೂ ಎಲ್ಲರೂ ಓದುವಂತೆ ಪ್ರಕಟಿಸಿ.

ಇಂತಿ,
ಎರಡು ಹೂಕುಂಡಗಳ ನಡುವೆ (ಈಗ ಒಂದೇ ಇರುತ್ತದೆ)
ಹನ್ನೊಂದು ವರ್ಷದಿಂದ ಇದ್ದೂ ಕಂಡುಬಂದಿರದ ಮನೆಯ
ಯಜಮಾನ