ನಾಳೆಯಿಂದ ಮಳೆ ಅಳೆಯುವುದು ನೀವು

2025 ಮೇ 11, ಭಾನುವಾರ, ಬೆಳಿಗ್ಗೆ 8.10

ರೀ,

ನೀವು ತೋಟದಿಂದ ಬರುವಷ್ಟರಲ್ಲಿ ನಾವು ಸೋಮವಾರಪೇಟೆಯಲ್ಲಿ ಬಸ್ ಹತ್ತಿರುತ್ತೇವೆ. ಪಿಯುಸಿ ಮಕ್ಕಳಿಗೆಂದು ವಿಶ್ವವಿದ್ಯಾಲಯ ನಡೆಸುವ ಬೇಸಿಗೆ ಶಿಬಿರಕ್ಕೆ ಇರುವುದೇ ಮೂವತ್ತು ಸೀಟು, ಅದರಲ್ಲೊಂದು ನಮ್ಮ ಸಹನಾಳದು! ಅವಳ ಸ್ವೆಟರನ್ನು ನಾನು ಮೂರು ಸಲ ಮಡಿಸಿದ್ದೇನೆ.

ಅಕ್ಕಿರೊಟ್ಟಿ ಡಬ್ಬಿಯಲ್ಲಿದೆ. ನಾಯಿಗೂ ಎರಡು ಹಾಕಿ.

ಇನ್ನು ಮೂರು ವಾರ ಮಳೆ ಅಳೆಯುವುದು ನಿಮ್ಮ ಕೆಲಸ. ನಮ್ಮ ತೋಟದ ಐದು ವರ್ಷದ ಮಳೆ ಪುಸ್ತಕದ ಮೇಲೇ ಅವಳು ಅಲ್ಲಿ ಕೆಲಸ ಮಾಡುವುದು. ಒಂದು ದಿನವೂ ಖಾಲಿ ಬಿಡಬೇಡಿ. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ, ಬಗ್ಗಿ, ಮಳೆಮಾಪಕದ ನೀರಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿ.

ಮಿಲಿಮೀಟರಿನಲ್ಲೇ ಬರೆಯಿರಿ. ಹೋದ ವರ್ಷ ನೀವು ನಲವತ್ತು ಸೆಂಟು ಮಳೆಯನ್ನು ಹಾಗೇ 40 ಎಂದು ಬರೆದದ್ದು ಸಂದರ್ಶನದಲ್ಲಿ ಶಿಬಿರದವರ ಕಣ್ಣಿಗೆ ಬಿತ್ತಲ್ಲ! "ಅದು ಅಪ್ಪ ಬರೆದಿದ್ದು ಸಾರ್. ನಮ್ ಕಡೆ ತೋಟದೋರು ಮಳೇನ ಇಂಚು, ಸೆಂಟಲ್ಲೇ ಹೇಳೋದು, ನೂರು ಸೆಂಟಿಗೆ ಒಂದಿಂಚು. ಮಿಲಿಮೀಟರಲ್ಲಿ ಅದು ಬರೀ ಹತ್ತು" ಅಂದಳಂತೆ. ಅವರೆಲ್ಲ ನಕ್ಕರಂತೆ. ತಪ್ಪನ್ನು ಮುಚ್ಚಿಡದೆ ಹೇಳಿದ್ದಕ್ಕೇ ಸೀಟು ಸಿಕ್ಕಿತೆಂದು ನನಗನ್ನಿಸುತ್ತದೆ. ಹಾಗಂತ ಮತ್ತೆ ಸೆಂಟು ಬರೆದೀರಿ!

ಇವತ್ತಿನದನ್ನು ಹೊಸ ಬಟ್ಟೆಯಲ್ಲೇ ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿ ಅವಳೇ ನೋಡಿದಳು: 11.4 ಮಿಲಿಮೀಟರ್.